ಒಗರು ವೈನ್, ಬೆಣ್ಣೆಯ ತಟ್ಟೆ

ಇಟಲಿಯ ವಾಲ್ತೆಲ್ಲಿನಾ ಕಣಿವೆಯ ಕೆಂಪು ವೈನನ್ನು ಗ್ಲಾಸಿಗೆ ಸುರಿದಾಗ ಅತಿಥಿಗಳ ಮುಖ ನೋಡಬೇಕು. "ಇಷ್ಟು ತೆಳು ಬಣ್ಣವಾ? ನೀರು ಬೆರೆಸಿದ್ದೀರಾ?" ಎಂದು ಒಬ್ಬರು ನೇರವಾಗಿಯೇ ಕೇಳಿದ್ದರು. ಒಂದು ಗುಟುಕು ಕುಡಿದ ಮೇಲೆ ಮುಖ ಕಿವುಚಿಕೊಂಡರು. ಮೆತ್ತಗಿನ ವೈನ್ ಅಂದುಕೊಂಡಿದ್ದರು, ನಾಲಿಗೆ ಒಣಗಿಹೋಗಿತ್ತು.

ಇದಕ್ಕೆ ನಮ್ಮಲ್ಲಿ ಸರಿಯಾದ ಪದವೇ ಇದೆ: ಒಗರು. ನೇರಳೆ ಹಣ್ಣು ತಿಂದಾಗ ಆಗುತ್ತದಲ್ಲ, ಅದೇ. ದ್ರಾಕ್ಷಿಯ ಸಿಪ್ಪೆ, ಬೀಜದಿಂದ ವೈನಿಗೆ ಬರುವ ಟ್ಯಾನಿನ್ ಎಂಬ ಅಂಶ ನಮ್ಮ ಎಂಜಲಿನ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ, ಬಾಯಿಯ ನುಣುಪು ಹೋಗುತ್ತದೆ. ಈ ವೈನ್ ಮಾಡುವ ನೆಬ್ಬಿಯೋಲೊ ದ್ರಾಕ್ಷಿಯ ಗುಣವೇ ಹಾಗೆ. ಬಣ್ಣ ಕಡಿಮೆ, ಒಗರು ಜಾಸ್ತಿ, ಹುಳಿಯೂ ಜಾಸ್ತಿ. ಹೆಸರಾಂತ ಬರೋಲೊ ವೈನ್ ಕೂಡ ಇದೇ ದ್ರಾಕ್ಷಿಯದು. ವಾಲ್ತೆಲ್ಲಿನಾದವರು ಮಾತ್ರ ಅದನ್ನು ಕಿಯಾವೆನ್ನಾಸ್ಕಾ ಎನ್ನುತ್ತಾರೆ.

ಸ್ವಿಟ್ಜರ್ಲೆಂಡ್ ಗಡಿಗೆ ತಾಗಿಕೊಂಡಿರುವ ಆಲ್ಪ್ಸ್ ಕಣಿವೆ ಇದು. ಅಂಥ ಚಳಿಯ ಸೀಮೆಯಲ್ಲಿ ಕೆಂಪು ದ್ರಾಕ್ಷಿ ಹೇಗೆ ಹಣ್ಣಾಗುತ್ತದೆ? ಅದ್ದಾ ನದಿ ಇಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಹರಿಯುತ್ತದೆ. ಹಾಗಾಗಿ ಉತ್ತರ ದಂಡೆಯ ಇಳಿಜಾರು ದಕ್ಷಿಣಕ್ಕೆ ಮುಖ ಮಾಡಿ ದಿನವಿಡೀ ಬಿಸಿಲು ಕಾಯುತ್ತದೆ. ಅಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲಿಟ್ಟು ಮೆಟ್ಟಿಲು ಹೊಲ ಮಾಡಿದ್ದಾರೆ. ಆ ಗೋಡೆಗಳನ್ನೆಲ್ಲ ಸಾಲಾಗಿ ಇಟ್ಟರೆ ಸುಮಾರು 2,500 ಕಿ.ಮೀ. ಆಗುತ್ತದಂತೆ. ಹಗಲು ಕಾದ ಕಲ್ಲು ರಾತ್ರಿ ಬಳ್ಳಿಗೆ ಬಿಸಿ ಕೊಡುತ್ತದೆ. ಒಂದು ತುಂಡು ಜಾಗದ ಹೆಸರೇ ಇನ್ಫೆರ್ನೊ, ಅಂದರೆ ನರಕ. ಬೇಸಿಗೆಯಲ್ಲಿ ಅಲ್ಲಿ ಕೆಲಸ ಮಾಡುವವರಿಗೆ ಹೆಸರು ಸರಿಯಾಗೇ ಇದೆ ಅನಿಸಬಹುದು.

ಲೇಬಲ್ಲಿನಲ್ಲಿ 'ವಾಲ್ತೆಲ್ಲಿನಾ ಸುಪೀರಿಯೋರೆ' ಎಂದಿದ್ದರೆ ಕನಿಷ್ಠ 90% ನೆಬ್ಬಿಯೋಲೊ ಇರಬೇಕು, 24 ತಿಂಗಳು ಮಾಗಿರಬೇಕು. ಅದರಲ್ಲಿ 12 ತಿಂಗಳು ಮರದ ಪೀಪಾಯಿಯಲ್ಲಿ. ಮೊದಲು ಮೂಸಿ ನೋಡಿ. ಒಣ ಗುಲಾಬಿ, ಚೆರ್ರಿ, ಸ್ವಲ್ಪ ಮಣ್ಣಿನ ವಾಸನೆ. ಬಿಸಿ ಊರಿನಲ್ಲಿ ಕುಡಿಯುವುದಾದರೆ ಇಪ್ಪತ್ತು ನಿಮಿಷ ಫ್ರಿಜ್ಜಿನಲ್ಲಿಡಿ. 16ರಿಂದ 18 ಡಿಗ್ರಿ ಸಾಕು. ಬೆಚ್ಚಗಾದರೆ ಆಲ್ಕೋಹಾಲೇ ಮೂಗಿಗೆ ಹೊಡೆಯುತ್ತದೆ.

ಆಮೇಲೆ ಎರಡು ಸಲ ರುಚಿ ನೋಡಿ. ಒಂದು ಖಾಲಿ ಬಾಯಲ್ಲಿ, ಇನ್ನೊಂದು ಪಿಟ್ಸೊಕ್ಕೇರಿ ತಿಂದ ಮೇಲೆ. ಇದು ಆ ಕಣಿವೆಯದೇ ಪಾಸ್ತಾ ಊಟ. ಉತ್ತರ ಭಾರತದಲ್ಲಿ ಉಪವಾಸಕ್ಕೆ ಬಳಸುವ ಕುಟ್ಟು ಹಿಟ್ಟಿಗೆ ಸ್ವಲ್ಪ ಗೋಧಿ ಹಿಟ್ಟು ಸೇರಿಸಿ, ಅಗಲವಾದ ಗಿಡ್ಡ ಪಟ್ಟಿಗಳಾಗಿ ಕತ್ತರಿಸುತ್ತಾರೆ. ಆಲೂಗಡ್ಡೆ, ಎಲೆಕೋಸಿನ ಜೊತೆ ಬೇಯಿಸಿ, ನಡುನಡುವೆ ಕಾಸೇರಾ ಚೀಸ್ ಹಾಕುತ್ತಾರೆ. ಮೇಲೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಬೆಣ್ಣೆ. ಬೆಣ್ಣೆ ಅಂದರೆ ನಿಜವಾಗಿಯೂ ಬೆಣ್ಣೆ, ಕೈ ಹಿಡಿಯುವಂತಿಲ್ಲ. ಆ ಜಿಡ್ಡು ನಾಲಿಗೆ ಮೇಲಿರುವಾಗ ಕುಡಿದರೆ ಒಗರು ಸದ್ದಿಲ್ಲದೆ ಕೂತುಬಿಡುತ್ತದೆ. ಹಿಂದೆ ಅಡಗಿದ್ದ ಹಣ್ಣು ಮುಂದೆ ಬರುತ್ತದೆ. ವೈನಿನ ಹುಳಿ ಜಿಡ್ಡನ್ನು ತೊಳೆದು ಇನ್ನೊಂದು ತುತ್ತಿಗೆ ಬಾಯಿ ಸಿದ್ಧ ಮಾಡುತ್ತದೆ. ನೀರು ಬೆರೆಸಿದ್ದೀರಾ ಎಂದವರು ಎರಡನೇ ಗ್ಲಾಸ್ ಕೇಳಿದ್ದು ಈ ತಟ್ಟೆ ಬಂದ ಮೇಲೆಯೇ.

ಅಲ್ಲಿನ ಇನ್ನೊಂದು ತಿನಿಸು ಬ್ರೆಸಾಓಲಾ, ಉಪ್ಪು ಹಾಕಿ ಗಾಳಿಯಲ್ಲಿ ಒಣಗಿಸಿದ ದನದ ಮಾಂಸ. ತೆಳ್ಳಗೆ ಕೊಯ್ದು ಬಡಿಸುತ್ತಾರೆ. ಎಷ್ಟೋ ಕಡೆ ನಿಂಬೆ ಹಿಂಡುತ್ತಾರೆ, ನನಗೆ ಅದು ಇಷ್ಟವಿಲ್ಲ. ನಿಂಬೆಯ ಮುಂದೆ ವೈನ್ ಸಪ್ಪೆಯಾಗುತ್ತದೆ. ಖಾರದ ಬಿರಿಯಾನಿಗೆ ಹೊಂದುತ್ತದಾ ಎಂದೂ ಕೇಳುತ್ತಾರೆ. ಬೇಡ. ಖಾರ ಒಗರನ್ನು ಇನ್ನಷ್ಟು ಕೆರಳಿಸುತ್ತದೆ, ಬಾಯಿ ಉರಿಯುತ್ತದೆ ಅಷ್ಟೇ.

ಅದೇ ಕಣಿವೆಯ ಇನ್ನೊಂದು ವೈನ್ ಸ್ಫೊರ್ಜಾತೊ, ಅದು ಬೇರೆಯೇ ಕಥೆ. ಕೊಯ್ದ ದ್ರಾಕ್ಷಿಯನ್ನು ಗಾಳಿಯಾಡುವ ಕೋಣೆಯಲ್ಲಿ ಹರಡಿ ಒಣಗಿಸಿ, ಡಿಸೆಂಬರ್ ಹೊತ್ತಿಗೆ ಹಿಂಡುತ್ತಾರೆ. ಆಲ್ಕೋಹಾಲ್ ಕನಿಷ್ಠ 14%. ಅದಕ್ಕೆ ಬೇಸಿಗೆಯ ಬೆಟ್ಟದ ಹುಲ್ಲು ಮೇಯ್ದ ದನಗಳ ಹಾಲಿನ ಬಿತ್ತೊ ಚೀಸ್ ತರಿಸಿ, ಹಳೆಯದಾದಷ್ಟೂ ಒಳ್ಳೆಯದು. ಊಟ ಮುಗಿದ ಮೇಲೆ, ಸಣ್ಣ ಗ್ಲಾಸಿನಲ್ಲಿ.