ಉಲ್ಲನ್ ಕ್ಲಾಸಿಗೆ ಹೋಗಿ ಬರ್ತೇನೆ ಅಂತ ಹೇಳ್ಲಿಕ್ಕೆ ಆಗ್ಬೇಕು

ಕುಡಿತ ಬಿಡಿಸುವ ಸೆಂಟರಲ್ಲಿ ಕೌನ್ಸೆಲಿಂಗ್ ಮಾಡುವ ನಾವು ದಿನಾ ನೋಡುದು ಇದು: ಗಂಡಸು ಅಡ್ಮಿಟ್ ಆದ್ರೆ ಹೆಂಡತಿ, ಅಮ್ಮ, ಅಕ್ಕ ಯಾರಾದ್ರೂ ಜೊತೆಗಿರ್ತಾರೆ, ಹೆಂಗಸು ಅಡ್ಮಿಟ್ ಆದ್ರೆ ಪಕ್ಕದ ಕುರ್ಚಿ ಹೆಚ್ಚಾಗಿ ಖಾಲಿ. ಕುಡಿತವೇ ಇರ್ಲಿ, ನಿದ್ರೆ ಮಾತ್ರೆಯೇ ಇರ್ಲಿ, ಮನೆಯವರು ಮೊದಲು ಹೇಳುದು "ಯಾರಿಗೂ ಗೊತ್ತಾಗ್ಬಾರ್ದು ಮೇಡಂ" ಅಂತ. ಡಿಸ್ಚಾರ್ಜ್ ಆದ್ಮೇಲೆ ವಾರ ವಾರ ಫಾಲೋ-ಅಪ್ಪಿಗೆ ಬಾ ಅಂದ್ರೆ ಅವಳು ಪಕ್ಕದ ಮನೆಯವರಿಗೆ, ಬಸ್‌ಸ್ಟ್ಯಾಂಡಲ್ಲಿ ಸಿಕ್ಕಿದ ಸಂಬಂಧಿಕರಿಗೆ ಎಂತ ಹೇಳುದು? ಸೆಂಟರಲ್ಲೇ ವಾರಕ್ಕೊಮ್ಮೆ ಇಂಥ ಹೆಂಗಸರಿಗೆ ಹೆಣಿಗೆ ಕಲಿಸುವ ಗುಂಪು ಇದ್ರೆ ಉಲ್ಲನ್ ಕ್ಲಾಸಿಗೆ ಅಂತ ಹೇಳ್ಬಹುದು, ಅದು ಸುಳ್ಳೂ ಅಲ್ಲ. ನಮ್ಮ ಮಂಗಳೂರಂಥ ಊರಲ್ಲಿ ಈ ಹೆಣಿಗೆ ಗುಂಪಿನ ಮೊದಲ ಉಪಕಾರ ಇದೇ ಅಂತ ನನ್ನ ಅಭಿಪ್ರಾಯ, ಮನಸ್ಸಿಗೆ ಶಾಂತಿ ಗೀಂತಿ ಎಲ್ಲ ಆಮೇಲೆ.

ಕುಡಿತ ನಿಲ್ಲಿಸಿದ ಮೊದಲ ದಿನಗಳಲ್ಲಿ ಕೈಗೆ ಕಡ್ಡಿ ಕೊಡುದು ಬೇಡ. ಕೈ ನಡುಗ್ತದೆ, ಬೆವರು, ನಿದ್ರೆ ಇಲ್ಲ, ಕೆಲವರಿಗೆ 6ರಿಂದ 48 ಗಂಟೆ ಒಳಗೆ ಫಿಟ್ಸ್ ಕೂಡ ಬರ್ತದೆ, ಹಾಗಾಗಿ ತುಂಬ ಕುಡೀತಿದ್ದವರು ಡಾಕ್ಟರನ್ನು ಕೇಳದೆ ಮನೆಯಲ್ಲೇ ಒಮ್ಮೆಲೇ ನಿಲ್ಲಿಸ್ಬಾರ್ದು. ನಿದ್ರೆ ಮಾತ್ರೆಗೂ ಅದೇ ಮಾತು. ನಡುಕ ಇಳಿದ್ಮೇಲೆ ದಪ್ಪ ನೂಲು, 5 ಮಿಲಿಮೀಟರಿನ ಕ್ರೋಶಾ ಕಡ್ಡಿ, ಅಂದ್ರೆ ತುದಿಗೆ ಕೊಕ್ಕೆ ಇರುವ ಒಂದೇ ಕಡ್ಡಿ. ಎರಡು ಕಡ್ಡಿ ಹೆಣಿಗೆಯಲ್ಲಿ ಒಂದು ಸ್ಟಿಚ್ ಜಾರಿದ್ರೆ ಕೆಳಗಿನ ಸಾಲುಗಳೂ ಬಿಚ್ತಾ ಹೋಗ್ತವೆ, ಕ್ರೋಶಾದಲ್ಲಿ ಕಡ್ಡಿಯಲ್ಲಿ ಇರುದು ಹೆಚ್ಚಾಗಿ ಒಂದೇ ಕುಣಿಕೆ, ತಪ್ಪಿದ್ರೆ ಅಲ್ಲಿಗೇ ನಿಲ್ತದೆ. ಆರಂಭದ ವಾರಗಳಲ್ಲಿ ಏಕಾಗ್ರತೆ, ನೆನಪು ಎರಡೂ ಕಮ್ಮಿ ಇರ್ತದೆ, ಲೆಕ್ಕ ಇಡ್ಬೇಕಾದ ಡಿಸೈನ್ ಕೊಟ್ರೆ ಅವರು ಸೋತ ಹಾಗೆ ಕೂತ್ಬಿಡ್ತಾರೆ. ಚೈನ್, ಸಿಂಗಲ್ ಕ್ರೋಶಾ ಅಂತ ಮೊದಲು ಕಲಿಯುವ ಸುಲಭದ ಸ್ಟಿಚ್ಚುಗಳು, ಚೌಕ ತುಂಡು, ಅಷ್ಟು ಸಾಕು.

ಸಮಯ ಸಂಜೆಯೇ ಆಗ್ಬೇಕು. ಕುಡಿಯುವ ಆಸೆ ಹೆಚ್ಚಾಗಿ ಏಳುದು ಆ ಹೊತ್ತಿಗೆ, ಎದ್ದ ಆಸೆಯ ಬೆನ್ನು ಹತ್ತದಿದ್ರೆ ಹೆಚ್ಚಾಗಿ ಅರ್ಧ ಗಂಟೆ ಒಳಗೆ ಇಳಿಯುತ್ತದೆ, ಆ ಅರ್ಧ ಗಂಟೆಗೆ ಕೈಗೆ ಕೆಲಸ, ಪಕ್ಕದಲ್ಲಿ ಜನ ಬೇಕು. ಕಣ್ಣು ನೂಲಿನ ಮೇಲಿರುವಾಗ ಮಾತೂ ಬರ್ತದೆ, ನನ್ನ ರೂಮಲ್ಲಿ ಎದುರೆದುರು ಕೂತು ಬಾಯಿ ಬಿಡದವರು ಅಲ್ಲಿ ಮೆಲ್ಲ ಹೇಳ್ಲಿಕ್ಕೆ ಶುರು ಮಾಡ್ತಾರೆ.

ಬೀಡಿ ಕಟ್ಟಿ ಅಭ್ಯಾಸ ಇರುವವರ ಬೆರಳು ಎಷ್ಟು ಚುರುಕು ಅಂದ್ರೆ ಕಲಿಸುವವರಿಗೇ ಆಶ್ಚರ್ಯ. ಆದ್ರೆ ಅವರಲ್ಲಿ ಒಬ್ರು ತನ್ನ ಮೊದಲ ಚೌಕವನ್ನು ಟೀಚರ ಕೈಗೆ ಕೊಟ್ಟು, ತಲೆ ಎತ್ತದೆ, "ಇದು ರಿಜೆಕ್ಟಾ ಅಕ್ಕ?" ಅಂತ ಕೇಳಿದ್ರು. ಸಾವಿರಕ್ಕೆ ಇಷ್ಟು ಅಂತ ಮಜೂರಿ, ಕಟ್ಟಿದ ಬೀಡಿ ಕೊಡುವ ಬ್ರಾಂಚಲ್ಲಿ ಸರಿಯಿಲ್ಲದ್ದು ಪಕ್ಕಕ್ಕೆ, ಎಷ್ಟೋ ವರ್ಷದ ರೂಢಿ ಅದು. ಟೀಚರ್ ಚೌಕವನ್ನು ತಿರುಗಿಸಿ ನೋಡಿ, "ಇದನ್ನು ನೀವೇ ಇಟ್ಕೊಳ್ಳಿ, ಮೊದಲನೇದಲ್ವಾ" ಅಂದ್ರು. ಅದಕ್ಕೇ ನಾನು ಮೊದಲ ಆರು ತಿಂಗಳು ಮಾರಾಟ, ಸ್ಟಾಲ್, ಆರ್ಡರ್ ಯಾವುದೂ ಬೇಡ ಅನ್ನುದು. ಕೆಲವರಿಗೆ ದುಡ್ಡಿನ ಅಗತ್ಯ ಖಂಡಿತ ಉಂಟು, ಅದಕ್ಕೆ ಬೇರೆ ದಾರಿ ಹುಡುಕುವ. ಮಾಡಿದ್ದು ಯಾರಿಗಾದ್ರೂ ಉಪಯೋಗ ಆಗ್ಲಿ ಅಂತ ಅವರಿಗೇ ಅನ್ನಿಸಿದ್ರೆ ಹಸುಗೂಸಿನ ಟೋಪಿ ಒಳ್ಳೇದು, ಮಂಗಳೂರಿನ ಸೆಖೆಯಲ್ಲೂ ತಿಂಗಳು ತುಂಬದೆ ಹುಟ್ಟಿದ ಮಗುವಿನ ಮೈಯ ಬಿಸಿ ತಲೆಯಿಂದ ಹೋಗ್ತದೆ, ಮಗುವನ್ನು ಅಮ್ಮನ ಎದೆಗೆ ಒತ್ತಿ ಇಡುವ ಕಾಂಗರೂ ಆರೈಕೆಯಲ್ಲಿ ಟೋಪಿ ಹಾಕ್ತಾರೆ. ಮೆತ್ತನೆ ಹತ್ತಿ ನೂಲು ಇರ್ಲಿ, ಆಸ್ಪತ್ರೆಯವರನ್ನು ಕೇಳಿಯೇ ಮಾಡಿ.

ಕಲಿಸ್ಲಿಕ್ಕೆ ಬರುವವರು ಹೆಚ್ಚಾಗಿ ರಿಟೈರ್ಡ್ ಟೀಚರ್ಸ್, ಬ್ಯಾಂಕಿನವರು, ಕಾನ್ವೆಂಟಲ್ಲಿ ಸಣ್ಣದಿರುವಾಗ್ಲೇ ಕಲಿತವರು. ಮನಸ್ಸು ತುಂಬ ಒಳ್ಳೇದು, ಅದರಿಂದಲೇ ಕೆಲವೊಮ್ಮೆ ತೊಂದರೆ ಆಗುದು, ಉಪದೇಶ ಮಾಡ್ತಾರೆ, ದುಡ್ಡು ಸಾಲ ಕೊಡ್ತಾರೆ, ತಪ್ಪಿದ ಹೆಣಿಗೆಯನ್ನು ತಾವೇ ಕೂತು ಸರಿ ಮಾಡಿಕೊಡ್ತಾರೆ. ಬೇಡ. ಎಷ್ಟು ಕುಡೀತಿದ್ರಿ ಅಂತ ಕೇಳುದು ಬೇಡ, ಗ್ರೂಪ್ ಫೋಟೋ ವಾಟ್ಸಾಪಿಗೆ ಬೇಡವೇ ಬೇಡ, ಹಂಪನಕಟ್ಟೆಯಲ್ಲಿ ಎದುರು ಸಿಕ್ಕಿದ್ರೆ ಅವರು ಮಾತಾಡ್ಸಿದ್ರೆ ಮಾತ್ರ ಮಾತಾಡಿ. ಒಬ್ರು ಕುಡಿದು ಬಂದ್ರೆ ಎಲ್ಲರೆದುರು ಗದರ್ಬೇಡಿ, ನಮ್ಮನ್ನು ಕರೀರಿ, ಬೇರೆ ರೂಮಲ್ಲಿ ಕೂತು ನಾವು ಮಾತಾಡ್ತೇವೆ, ಮುಂದಿನ ವಾರ ಅವರ ಕುರ್ಚಿ ಅಲ್ಲೇ ಇರ್ತದೆ. ಸಾಯುವ ಮಾತು ಬಂದ್ರೆ ಮಾತ್ರ ಅದನ್ನು ಗುಟ್ಟಾಗಿ ಇಟ್ಕೊಳ್ಬಾರ್ದು, ಆಗ್ಲೇ ತಿಳಿಸಿ.

ನಿಮ್ಮ ಮನೆಯಲ್ಲೇ ಇಂಥ ಕಷ್ಟ ಇದ್ರೆ 14446ಕ್ಕೆ ಫೋನ್ ಮಾಡಿ, ನಶಾಮುಕ್ತಿಯ ರಾಷ್ಟ್ರೀಯ ಸಹಾಯವಾಣಿ, ಕರೆಗೆ ಹಣ ಇಲ್ಲ. ಮನಸ್ಸಿನ ಸಮಸ್ಯೆಗೆ ಟೆಲಿ ಮನಸ್, 14416. ಕಲಿಸ್ಲಿಕ್ಕೆ ಬರ್ತೇವೆ ಅನ್ನುವವರು ಹತ್ತಿರದ ಸೆಂಟರಲ್ಲಿ ಕೇಳಿ ನೋಡಿ, ವಾರಕ್ಕೆ ಒಂದೇ ದಿನ ಸಾಕು, ಆದ್ರೆ ಮಳೆಗಾಲದಲ್ಲೂ ಆ ದಿನ ತಪ್ಪಿಸ್ಬೇಡಿ.