ತವರಿನಲ್ಲಿ ಚೆನ್ನಾಗಿ ಮಲಗ್ತಿದ್ದ ಕೂಸು ಇಲ್ಲಿಗೆ ಬಂದ ಮೇಲೆ ಯಾಕೆ ಮಲಗಲ್ಲ?

"ಅಮ್ಮನ ಮನೇಲಿ ಎಷ್ಟು ಚೆನ್ನಾಗಿ ಮಲಗ್ತಿತ್ತು ಡಾಕ್ಟ್ರೇ, ಇಲ್ಲಿಗೆ ಬಂದ ಮೇಲೆ ನಿದ್ದೆನೇ ಇಲ್ಲ." ಬಾಣಂತನ ಮುಗಿಸಿ ಊರಿಂದ ಬೆಂಗಳೂರಿಗೆ ಬಂದ ತಾಯಂದಿರಿಂದ ನಾನು ಮತ್ತೆ ಮತ್ತೆ ಕೇಳುವ ಮಾತು ಇದು. ಜೊತೆಗೆ ಬಂದವರು ತಮಗೆ ತೋಚಿದ ಕಾರಣ ಸೇರಿಸುತ್ತಾರೆ. ಜಾಗ ಹೊಸದು, ದೃಷ್ಟಿ ಆಗಿದೆ, ಹಾಲು ಸಾಲ್ತಿಲ್ಲ. ಮೊದಲಿನ ಎರಡರಿಂದ ಅಂಥ ತೊಂದರೆ ಇಲ್ಲ. ಮೂರನೆಯದು ತಾಯಿಯ ಮನಸ್ಸನ್ನೇ ಮುರಿಯುತ್ತದೆ.

ನಮ್ಮಲ್ಲಿ ಮೂರನೇ ತಿಂಗಳಲ್ಲೋ ಐದನೇ ತಿಂಗಳಲ್ಲೋ ಬಾಣಂತಿಯನ್ನು ಗಂಡನ ಮನೆಗೆ ಕಳಿಸುವುದು ವಾಡಿಕೆ. ಮಗುವಿನ ನಿದ್ದೆಯ ರೀತಿ ಬದಲಾಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಹುಟ್ಟಿದ ಹೊಸದರಲ್ಲಿ ಕೂಸಿಗೆ ಹಗಲು ರಾತ್ರಿ ಒಂದೇ, ಹಾಲು ಕುಡಿಯುತ್ತಲೇ ಕಣ್ಣು ಮುಚ್ಚುತ್ತದೆ. ಎರಡರಿಂದ ನಾಲ್ಕು ತಿಂಗಳಾಗುವಷ್ಟರಲ್ಲಿ ಕತ್ತಲಾದ ಮೇಲೆ ನಿದ್ದೆ ತರಿಸುವ ಹಾರ್ಮೋನ್ ಮೆಲಟೋನಿನ್ ಏರತೊಡಗುತ್ತದೆ, ನಿದ್ದೆ ದೊಡ್ಡವರ ನಿದ್ದೆಯ ಹಾಗೆ ಸುತ್ತು ಸುತ್ತಾಗಿ ಸಾಗುತ್ತದೆ. ಒಂದು ಸುತ್ತು ಸುಮಾರು 50 ನಿಮಿಷ. ಸುತ್ತು ಮುಗಿದಾಗ ಸ್ವಲ್ಪ ಎಚ್ಚರ ಆಗುತ್ತದೆ. ನಮಗೂ ಆಗುತ್ತದೆ, ಮಗ್ಗುಲು ಬದಲಿಸಿ ಮತ್ತೆ ಮಲಗ್ತೀವಿ, ಬೆಳಿಗ್ಗೆ ನೆನಪೂ ಇರಲ್ಲ. ಮಗುವಿಗೆ ಅದಿನ್ನೂ ರೂಢಿ ಆಗಿಲ್ಲ. ತೊಟ್ಟಿಲು ತೂಗಿದಾಗಲೇ ನಿದ್ದೆ ಹೋಗಿದ್ದರೆ, ಕಣ್ಣು ಬಿಟ್ಟಾಗ ತೊಟ್ಟಿಲು ನಿಂತಿರುತ್ತದೆ, ಮಗು ಗಾಬರಿಯಾಗಿ ಅಳುತ್ತದೆ. ತವರಿನಲ್ಲೇ ಉಳಿದಿದ್ದರೂ ಈ ಹಂತ ಬರ್ತಿತ್ತು.

ಆದರೆ ಮನೆಯ ಪಾತ್ರವೂ ಇದೆ. ಬಾಣಂತಿ ಕೋಣೆ ಅಂದರೆ ಮಂದ ಬೆಳಕು, ಗಲಾಟೆ ಕಮ್ಮಿ, ದಿನಾ ಅದೇ ಹೊತ್ತಿಗೆ ಎಣ್ಣೆ ನೀರು, ಆಮೇಲೆ ನಿದ್ದೆ. ಇಲ್ಲಿ ಹಾಲ್‌ನಲ್ಲಿ ಟಿವಿ, ಮೇಲೆ ಟ್ಯೂಬ್‌ಲೈಟ್. ರಾತ್ರಿ ಒಂಬತ್ತೂವರೆಗೆ ಅಪ್ಪ ಬರ್ತಾರೆ, ಇಡೀ ದಿನ ಮಗುವಿನ ಮುಖ ನೋಡಿರಲ್ಲ, ಎತ್ತಿಕೊಂಡು ಆಡಿಸ್ತಾರೆ, ಮಗು ಕೇಕೆ ಹಾಕಿ ನಗುತ್ತದೆ. "ನೋಡಿ, ಇದಕ್ಕೆ ನಿದ್ದೆನೇ ಬಂದಿಲ್ಲ" ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಿದ್ದೆ ಬಂದು, ಕಾದು, ಹೋಗಿಯೂ ಆಗಿರುತ್ತದೆ.

ನಾಲ್ಕು ತಿಂಗಳ ಮಗು ಒಂದೇ ಸಮನೆ ಒಂದೂವರೆಯಿಂದ ಎರಡು ಗಂಟೆ ಎಚ್ಚರವಿದ್ದರೆ ಸಾಕು, ದಣಿಯುತ್ತದೆ. ಅದರ ಮುಖ ನೋಡಿ. ಮೊದಲು ನಿಮ್ಮನ್ನು ನೋಡೋದು ಬಿಟ್ಟು ಗೋಡೆ ಕಡೆ ಸುಮ್ನೆ ನೋಡತೊಡಗುತ್ತದೆ. ಗಿಲಕಿ ಆಡಿಸಿದರೆ ತಲೆ ಆಚೆ ತಿರುಗಿಸುತ್ತದೆ. ಹುಬ್ಬಿನ ಸುತ್ತ ಸಣ್ಣಗೆ ಕೆಂಪಾಗುತ್ತದೆ. ಮಲಗಿಸಬೇಕಾದದ್ದು ಆಗ. ಕಿವಿ ಎಳೆದುಕೊಂಡು, ಬೆನ್ನು ಹಿಂದಕ್ಕೆ ಬಾಗಿಸಿ, ಎತ್ತಿಕೊಂಡವರನ್ನೇ ಒದೆಯೋ ಹೊತ್ತಿಗೆ ತಡವಾಗಿದೆ, ಇನ್ನು ಅರ್ಧ ಗಂಟೆ ಒದ್ದಾಟ ಗ್ಯಾರಂಟಿ. ಹಗಲು ಮಲಗಿಸದಿದ್ದರೆ ರಾತ್ರಿ ಗಡದ್ದಾಗಿ ಮಲಗುತ್ತೆ ಅನ್ನೋ ಲೆಕ್ಕ ಈ ವಯಸ್ಸಿಗೆ ಹೊಂದಲ್ಲ. ನಾಲ್ಕರಿಂದ ಹನ್ನೆರಡು ತಿಂಗಳ ಮಕ್ಕಳಿಗೆ ಹಗಲಿನದೂ ಸೇರಿ 12ರಿಂದ 16 ಗಂಟೆ ನಿದ್ದೆ ಬೇಕು.

ಹಾಗಂತ ಬಾಗಿಲು ಹಾಕಿ ಅಳೋಕೆ ಬಿಡಿ ಅಂತ ನಾನು ಹೇಳಲ್ಲ. ತೊಟ್ಟಿಲು ತೂಗಿ, ಜೋಗುಳ ಹಾಡಿ, ಆದರೆ ಕಣ್ಣು ಮಂಪರಾದಾಗ ತೂಗುವುದನ್ನು ನಿಲ್ಲಿಸಿ ಎದೆ ಮೇಲೆ ಕೈ ಇಟ್ಟುಕೊಂಡು ಕೂತಿರಿ. ಕೆಲವು ದಿನ ಆಗಲ್ಲ, ಪರವಾಗಿಲ್ಲ. ಸಂಜೆ ಏಳಾದ ಮೇಲೆ ಮನೆಯ ದೀಪ ಕಡಿಮೆ ಮಾಡಿ. ಅಪ್ಪಂದಿರೇ, ಆಟವನ್ನು ಬೆಳಿಗ್ಗೆಗೆ ಇಟ್ಟುಕೊಳ್ಳಿ. ರಾತ್ರಿ ಹಾಲಾದ ಮೇಲೆ ತೇಗು ಬರಿಸಿ, ಬಟ್ಟೆ ಬದಲಿಸಿ, ಮಲಗಿಸುವ ಕೆಲಸ ನಿಮ್ಮದಾಗಲಿ. ಮಲಗಿಸುವುದು ಅಂಗಾತ, ಗಟ್ಟಿ ಹಾಸಿಗೆ ಮೇಲೆ. ರಾಗಿ ದಿಂಬು, ಸಾಸಿವೆ ದಿಂಬು ಯಾವುದೂ ಬೇಡ.

ಈಗ ಹಾಲಿನ ವಿಷಯ. ಮಗು ದಿನಕ್ಕೆ ಆರು ಸಲಕ್ಕಿಂತ ಜಾಸ್ತಿ ಉಚ್ಚೆ ಹೊಯ್ದು, ತಾಯಿ ಕಾರ್ಡ್‌ನಲ್ಲಿ ತೂಕದ ಗೆರೆ ಮೇಲೇರುತ್ತಿದ್ದರೆ ಹಾಲು ಸಾಲ್ತಿದೆ. ಹುಟ್ಟಿದಾಗಿನ ತೂಕ ಐದು ತಿಂಗಳ ಹೊತ್ತಿಗೆ ಸುಮಾರು ಎರಡರಷ್ಟಾಗುತ್ತದೆ. ಈ ವಯಸ್ಸಿನಲ್ಲಿ ಫ್ಯಾನ್, ಪರದೆ, ಯಾರದೋ ದನಿ ಎಲ್ಲದರ ಕಡೆಗೂ ಗಮನ, ಹಗಲು ಸರಿಯಾಗಿ ಕುಡಿಯದೆ ರಾತ್ರಿ ಎದ್ದು ಕುಡಿಯುತ್ತದೆ. ರಾತ್ರಿ ಎದ್ದಿತು ಅಂತ ಡಬ್ಬಿ ಹಾಲು ಶುರು ಮಾಡಿದರೆ ಎದೆಹಾಲು ನಿಜವಾಗಿಯೂ ಕಡಿಮೆ ಆಗುತ್ತದೆ. ಆಗ ಹಾಲು ಸಾಲ್ತಿಲ್ಲ ಅಂದವರ ಮಾತೇ ನಿಜವಾಯ್ತು ಅಂತ ತಾಯಿ ಕಣ್ಣೀರು ಹಾಕ್ತಾಳೆ.

ನಿದ್ದೆ ಬರಲಿ ಅಂತ ಜಾಯಿಕಾಯಿ ತೇಯ್ದು ನೆಕ್ಕಿಸುವವರಿದ್ದಾರೆ, ಶೀತದ ಸಿರಪ್ ಒಂದೆರಡು ಹನಿ ಹಾಕುವವರೂ ಇದ್ದಾರೆ. ದಯವಿಟ್ಟು ಬೇಡ. ಜಾಯಿಕಾಯಿ ಜಾಸ್ತಿಯಾದರೆ ವಿಷ. ಕ್ಲೋರ್ಫೆನಿರಮಿನ್, ಫಿನೈಲೆಫ್ರಿನ್ ಎರಡೂ ಸೇರಿದ ಶೀತದ ಔಷಧಿಯ ಮೇಲೆ ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು ಅಂತ ಮುದ್ರಿಸಬೇಕು ಎಂದು ಕೇಂದ್ರದ ಔಷಧ ನಿಯಂತ್ರಣಾಧಿಕಾರಿ 2023ರ ಡಿಸೆಂಬರ್‌ನಲ್ಲೇ ಸೂಚಿಸಿದ್ದಾರೆ.

ಜ್ವರ, ವಾಂತಿ, ಹಾಲು ಕುಡಿಯೋದು ಬಿಡುವುದು, ದಿನಾ ಗೊರಕೆ, ತೂಕ ಏರದಿರುವುದು, ಇವುಗಳಲ್ಲಿ ಯಾವುದಿದ್ದರೂ ಮಗುವನ್ನು ತೋರಿಸಿ. ಮಗು ಮಲಗಿದಾಗಲೂ ತಾಯಿಗೆ ನಿದ್ದೆ ಬರ್ತಿಲ್ಲ, ಯಾವುದರಲ್ಲೂ ಮನಸ್ಸಿಲ್ಲ, ಸುಮ್ಮನೆ ಅಳು ಬರ್ತಿದೆ ಅಂದರೆ ಅವಳನ್ನೂ ತೋರಿಸಿ. ಹೆರಿಗೆಯಾದ ನಂತರದ ಖಿನ್ನತೆ ಇದ್ದೀತು, ಅದಕ್ಕೆ ಚಿಕಿತ್ಸೆ ಇದೆ. ಟೆಲಿ ಮನಸ್ ಎಂಬ ಮಾನಸಿಕ ಆರೋಗ್ಯದ ಸಹಾಯವಾಣಿ 14416ಕ್ಕೆ ರಾತ್ರಿ ಎಷ್ಟು ಹೊತ್ತಿಗಾದರೂ ಫೋನ್ ಮಾಡಬಹುದು. ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡು ಕೊಡಬೇಕಿಲ್ಲ.