ಯಾವ ಹಲ್ಲೂ ಬೀಳದೆ ಬಂದ ಹಲ್ಲು

"ಹಾಲು ಹಲ್ಲು ತಾನೇ ಡಾಕ್ಟ್ರೇ, ಹೇಗೂ ಬಿದ್ದು ಹೋಗುತ್ತಲ್ಲ. ಕಿತ್ತು ಹಾಕಿಬಿಡಿ."

ವಾರಕ್ಕೆ ಎರಡು ಸಲವಾದರೂ ಈ ಮಾತು ಕೇಳುತ್ತೇನೆ. ಹಾಲು ಹಲ್ಲನ್ನೂ ಸುಮ್ಮಸುಮ್ಮನೆ ಕೀಳಬಾರದು, ಅದು ನಿಮಗೂ ಗೊತ್ತು. ನನ್ನ ತಕರಾರು ಬೇರೆ. ಹೀಗೆ ಹೇಳುತ್ತಾ ಅಪ್ಪ ಅಮ್ಮ ತೋರಿಸುವ ಹಲ್ಲು ಎಷ್ಟೋ ಸಲ ಹಾಲು ಹಲ್ಲೇ ಆಗಿರುವುದಿಲ್ಲ.

ಕಳೆದ ತಿಂಗಳು ಒಬ್ಬರು 8 ವರ್ಷದ ಮಗನನ್ನು ಕರೆತಂದರು. ಕೆಳಗಿನ ಎಡಗಡೆ ದವಡೆ ಹಲ್ಲು ಮೇಲೆಲ್ಲ ಹುಳುಕಾಗಿ ನರದವರೆಗೂ ಹೋಗಿತ್ತು. ಲವಂಗದ ಎಣ್ಣೆಯ ಹತ್ತಿ ಇಟ್ಟು ರಾತ್ರಿ ಕಳೆದಿದ್ದರು. ಪಾಪ, ಹುಡುಗ ನಿದ್ದೆ ಮಾಡಿರಲಿಲ್ಲ. "ಇದು ಶಾಶ್ವತ ಹಲ್ಲು" ಅಂದೆ. "ಇಲ್ಲ ಡಾಕ್ಟ್ರೇ, ಆ ಕಡೆ ಇವನಿಗೆ ಯಾವ ಹಲ್ಲೂ ಬಿದ್ದಿಲ್ಲ. ಬಿದ್ದಿದ್ದರೆ ನಮಗೆ ಗೊತ್ತಾಗ್ತಿರಲಿಲ್ವಾ?" ಅಂದರು.

ಅವರು ಹೇಳಿದ್ದು ನಿಜ. ಅಲ್ಲಿ ಯಾವ ಹಲ್ಲೂ ಬಿದ್ದಿರಲಿಲ್ಲ. ಬೀಳುವುದಕ್ಕೆ ಆ ಜಾಗದಲ್ಲಿ ಮೊದಲು ಹಲ್ಲೇ ಇರಲಿಲ್ಲ.

ಗೋಜಲು ಇರುವುದು ಇಲ್ಲೇ. ನಾವು ಚಿಕ್ಕವರಿದ್ದಾಗ ಬಿದ್ದ ಹಲ್ಲನ್ನು ಸಗಣಿಯಲ್ಲಿ ಸುತ್ತಿ ಹೆಂಚಿನ ಮೇಲೆ ಎಸೆಯುತ್ತಿದ್ದೆವು. ಹಳೆಯದು ಹೋಗಬೇಕು, ಆಮೇಲೆ ಹೊಸದು ಬರಬೇಕು ಅನ್ನುವ ಲೆಕ್ಕ ಹಾಗೆ ತಲೆಯಲ್ಲಿ ಕೂತುಬಿಟ್ಟಿದೆ. ಮುಂದಿನ ಹಲ್ಲುಗಳಿಗೆ ಈ ಲೆಕ್ಕ ಸರಿ. ಆದರೆ 6 ವರ್ಷದ ಆಸುಪಾಸಿನಲ್ಲಿ, ಹಾಲು ಹಲ್ಲುಗಳ ಸಾಲು ಮುಗಿದ ಮೇಲೆ ಅದರ ಹಿಂದಿನ ಖಾಲಿ ಒಸಡಿನಲ್ಲಿ, ಮೇಲೆ ಎರಡು ಕೆಳಗೆ ಎರಡು ದೊಡ್ಡ ದವಡೆ ಹಲ್ಲು ಬರುತ್ತವೆ. ಇವಕ್ಕಾಗಿ ಯಾರೂ ಹೆಂಚಿನ ಮೇಲೆ ಏನನ್ನೂ ಎಸೆದಿರುವುದಿಲ್ಲ. ಮನೆಯವರಿಗೆ ಸುದ್ದಿಯೇ ಇರುವುದಿಲ್ಲ.

ಇನ್ನೂ ಅನುಮಾನವೇ? ಎಣಿಸಿ ನೋಡಿ. ಮುಂದಿನ ಎರಡು ಹಲ್ಲುಗಳ ನಡುವಿನಿಂದ ಶುರುಮಾಡಿ ಒಂದು ಪಕ್ಕಕ್ಕೆ ಹೋಗಿ. ನಡುವೆ ಹಲ್ಲು ಬಿದ್ದ ಜಾಗ ಇದ್ದರೆ ಅದನ್ನೂ ಸೇರಿಸಿ. ಹಾಲು ಹಲ್ಲು ಒಂದು ಪಕ್ಕಕ್ಕೆ ಐದೇ. ಐದ್ನಾಲ್ಕ್ಲ ಇಪ್ಪತ್ತು, ಮಗ್ಗಿ ಬಂದರೆ ಸಾಕು. ಆರನೆಯದು ಕಂಡರೆ ಅದು ಹಾಲು ಹಲ್ಲಲ್ಲ. ಅದು ಬೀಳುವುದಿಲ್ಲ, ಹೋದರೆ ಇನ್ನೊಂದು ಬರುವುದಿಲ್ಲ. ಕೆಲವು ಮಕ್ಕಳಿಗೆ ಅದು 5 ದಾಟಿದ ಕೂಡಲೇ ಬರಬಹುದು, ಕೆಲವರಿಗೆ 7 ಆಗಬಹುದು. ಅದಕ್ಕೆಲ್ಲ ಗಾಬರಿಯಾಗಬೇಡಿ.

ಈ ಹಲ್ಲೇ ಏಕೆ ಇಷ್ಟು ಬೇಗ ಕೆಡುತ್ತದೆ? ಮೇಲೆ ಆಳವಾದ ಗೀರುಗಳಿರುತ್ತವೆ. ಆಗತಾನೇ ಬಂದ ಹಲ್ಲಿನ ಹೊರಪದರ ಪೂರ್ತಿ ಗಟ್ಟಿಯಾಗಿರುವುದಿಲ್ಲ. ಪೂರ್ತಿ ಮೇಲೆ ಬರುವ ತನಕ ಪಕ್ಕದ ಹಲ್ಲಿಗಿಂತ ತಗ್ಗಿನಲ್ಲಿರುತ್ತದೆ, ನೇರವಾಗಿ ಉಜ್ಜಿದರೆ ಬ್ರಷ್ ಅದನ್ನು ಮುಟ್ಟುವುದೇ ಇಲ್ಲ. ಜೊತೆಗೆ, ಸರಿಯಾಗಿ ಇದೇ ಹೊತ್ತಿಗೆ ನೀವು ಬ್ರಷ್ ಮಗುವಿನ ಕೈಗೆ ಕೊಟ್ಟುಬಿಡುತ್ತೀರಿ. "ಒಂದನೇ ಕ್ಲಾಸಿಗೆ ಬಂದ, ಈಗ ಅವನೇ ಉಜ್ಜಿಕೊಳ್ಳುತ್ತಾನೆ" ಅಂತ ಹೆಮ್ಮೆಯಿಂದ ಬೇರೆ ಹೇಳುತ್ತೀರಿ! ಉಜ್ಜಿಕೊಳ್ಳಲಿ, ಬೇಡ ಅನ್ನುವುದಿಲ್ಲ. ಅದಾದ ಮೇಲೆ ಇನ್ನೊಂದು ಸಲ ನೀವು ಉಜ್ಜಿ. ಆ ಹಿಂದಿನ ಹಲ್ಲಿಗೆ ಬ್ರಷ್ಷನ್ನು ಅಡ್ಡಡ್ಡ ಹಿಡಿದು. 8 ವರ್ಷದ ತನಕ.

ತಪ್ಪು ನಮ್ಮದೂ ಇದೆ. ನಾವು ಈ ಆರನೇ ಹಲ್ಲಿಗೆ "ಫಸ್ಟ್ ಮೋಲಾರ್" ಅಂತ ಚೀಟಿಯಲ್ಲಿ ಗೀಚಿ ಕೊಡುತ್ತೇವೆ, ಇಲ್ಲದಿದ್ದರೆ ಬೈಯುತ್ತೇವೆ. ಹೊಸದರಲ್ಲಿ ನಾನೂ ಬೈಯುತ್ತಿದ್ದೆ. ಒಮ್ಮೆ ಒಬ್ಬ ತಾಯಿಗೆ, "ಇಷ್ಟು ದಿನ ಏನು ಮಾಡ್ತಿದ್ರಿ?" ಅಂತ ಕೇಳಿಬಿಟ್ಟೆ. ಪಕ್ಕದಲ್ಲಿ ಅವರ ಅತ್ತೆ ಕೂತಿದ್ದರು. "ನಾನು ಬಡ್ಕೊಂಡೆ, ಚಾಕೊಲೇಟ್ ಕೊಡಬೇಡ ಅಂತ" ಎಂದು ಅಲ್ಲೇ ಶುರುಮಾಡಿದರು. ಆ ತಾಯಿ ಮತ್ತೆ ಬರಲೇ ಇಲ್ಲ. ಮಗುವಿನ ಇನ್ನೆರಡು ಹಲ್ಲಿನ ಕೆಲಸ ಬಾಕಿ ಇತ್ತು. ಈಗಲೂ ನೆನಪಾದರೆ ಮನಸ್ಸಿಗೆ ಚುಚ್ಚುತ್ತದೆ.

ಈಗ "ದಿನಾ ಉಜ್ಜುತ್ತೀರಾ?" ಅಂತ ಕೇಳುವುದನ್ನೇ ಬಿಟ್ಟಿದ್ದೇನೆ. ಎಲ್ಲರೂ ಹೂಂ ಅನ್ನುತ್ತಾರೆ. "ನಿನ್ನೆ ಮಲಗುವ ಮುಂಚೆ ಕೊನೆಗೆ ಏನು ತಿಂದ?" ಅಂತ ಕೇಳುತ್ತೇನೆ. ಹಾಲು, ಬಿಸ್ಕತ್ತು, ಒಂದು ಚೂರು ಬೆಲ್ಲ, ಎಲ್ಲ ಹೊರಗೆ ಬರುತ್ತದೆ. ಆಮೇಲೆ ಕನ್ನಡಿ ಹಿಡಿದು ಅವರೇ ಹಲ್ಲು ಎಣಿಸುವಂತೆ ಮಾಡುತ್ತೇನೆ. ನಾನು ಹತ್ತು ಸಲ ಹೇಳಿದ್ದಕ್ಕಿಂತ ಅವರೇ ಒಮ್ಮೆ ಆರು ಅಂದರೆ ಜಾಸ್ತಿ ನಾಟುತ್ತದೆ. ಹಾಂ, "ಗಲಾಟೆ ಮಾಡಿದ್ರೆ ಡಾಕ್ಟ್ರು ಸೂಜಿ ಚುಚ್ತಾರೆ" ಅಂತ ಮಗುವನ್ನು ಹೆದರಿಸುವುದನ್ನು ದಯವಿಟ್ಟು ನಿಲ್ಲಿಸಿ. ನೀವು ಒಂದು ಮಾತಲ್ಲಿ ಹೆದರಿಸಿದ್ದನ್ನು ಬಿಡಿಸಲು ನನಗೆ ಅರ್ಧ ಗಂಟೆ ಬೇಕು.

ಆರನೇ ಹಲ್ಲು ಪೂರ್ತಿ ಹೊರಗೆ ಬಂದ ಮೇಲೆ ಅದರ ಗೀರುಗಳನ್ನು ಸೀಲಂಟ್ ಅನ್ನುವ ತೆಳು ಲೇಪ ಹಾಕಿ ಮುಚ್ಚಬಹುದು. ಕೊರೆಯುವುದಿಲ್ಲ, ನೋವಿಲ್ಲ. ಎಲ್ಲ ಮಕ್ಕಳಿಗೂ ಬೇಕೇ ಬೇಕು ಅಂತ ಬಾಯಿ ನೋಡದೆ ಹೇಳಲಾರೆ. ಪೇಸ್ಟ್ ವಿಷಯವೂ ಅಷ್ಟೆ. ಫ್ಲೋರೈಡ್ ಪೇಸ್ಟ್ 3 ವರ್ಷದ ತನಕ ಅಕ್ಕಿಕಾಳಷ್ಟು, ಆಮೇಲೆ ಬಟಾಣಿಯಷ್ಟು ಸಾಕು ಅನ್ನುತ್ತೇನೆ. ಆದರೆ ಬೋರ್‌ವೆಲ್ ನೀರಲ್ಲೇ ಫ್ಲೋರೈಡ್ ಜಾಸ್ತಿ ಇರುವ ಪಾವಗಡದಂಥ ಕಡೆಯಿಂದ ಬಂದವರಿಗೆ, ಕುಡಿಯುವ ನೀರು ಯಾವುದು ಅಂತ ಕೇಳಿಯೇ ಮುಂದಿನ ಮಾತು.

ಆ 8 ವರ್ಷದ ಹುಡುಗನ ಹಲ್ಲು ಕೀಳಲಿಲ್ಲ. ಬೇರು ಇನ್ನೂ ಬೆಳೆಯುತ್ತಿತ್ತು. ಮೇಲಿನ ಕೆಟ್ಟ ಭಾಗ ತೆಗೆದು, ಬೇರಿನೊಳಗಿನ ನರ ಉಳಿಸಲು ನೋಡಿದ್ದೇನೆ. ಉಳಿದೇ ಉಳಿಯುತ್ತದೆ ಅಂತ ಮಾತು ಕೊಟ್ಟಿಲ್ಲ. ಎರಡನೇ ಸಲ ಬಂದಾಗ ಅಪ್ಪ ತಂಗಿಯನ್ನೂ ಕರೆತಂದಿದ್ದರು. ನಾನು ಗ್ಲೌಸ್ ಹಾಕಿಕೊಳ್ಳುವಷ್ಟರಲ್ಲಿ ಅವಳ ಬಾಯಿ ತೆರೆಸಿ, ಮೊಬೈಲ್ ಟಾರ್ಚ್ ಬಿಟ್ಟು ಎಣಿಸುತ್ತಿದ್ದರು. "ಐದೇ ಇದೆ ಡಾಕ್ಟ್ರೇ."

"ಅವಳಿಗೆ ಎಷ್ಟು ವರ್ಷ?"

"ಐದೂವರೆ."

ಆರು ತಿಂಗಳು ಬಿಟ್ಟು ಬನ್ನಿ ಅಂದೆ.